5 ಲಕ್ಷದ ಆಯುಷ್ಮಾನ್ ಕಾರ್ಡ್: ಕರ್ನಾಟಕದಲ್ಲಿ ಬಳಸುವುದು ಹೇಗೆ?

ನಮ್ಮ ಚಿಕ್ಕಮ್ಮನಿಗೆ ಹೃದಯದ ವಾಲ್ವ್ ಬದಲಿಸಬೇಕು ಅಂದಾಗ ಆಯುಷ್ಮಾನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಸೀದಾ ಖಾಸಗಿ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತು: ‘ರೆಫರಲ್ ಲೆಟರ್ ಎಲ್ಲಿ?’ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಅವರನ್ನು ಕರೆದುಕೊಂಡು ವಾಪಸ್ ಜಿಲ್ಲಾ ಆಸ್ಪತ್ರೆಗೆ ಬಂದೆವು. ಆ ಅಲೆದಾಟ ಇನ್ನೊಬ್ಬರಿಗೆ ಬೇಡ.

ಯೋಜನೆ ಕೇಂದ್ರದ್ದು, ನಿಯಮ ಮಾತ್ರ ಜಾಸ್ತಿ ರಾಜ್ಯದ್ದು. 2018ರ ಮಾರ್ಚ್‌ನಲ್ಲಿ ರಾಜ್ಯದ ‘ಆರೋಗ್ಯ ಕರ್ನಾಟಕ’ ಶುರುವಾಯಿತು. ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯದಂಥ ಹಳೆಯ ಯೋಜನೆಗಳೆಲ್ಲ ಅದರೊಳಗೆ ಸೇರಿದವು. ಅದೇ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯ ಪ್ರಕಾರ ಅರ್ಹವಾದ ಕುಟುಂಬಗಳಿಗೆ ಕೇಂದ್ರ ಶೇ 60, ರಾಜ್ಯ ಶೇ 40 ಹಾಕುತ್ತವೆ. ಆ ಪಟ್ಟಿಯ ಹೊರಗಿದ್ದವರ ಖರ್ಚು ಪೂರ್ತಿ ರಾಜ್ಯದ ತಲೆಯ ಮೇಲೆ. ನಡುವೆ ವಿಮಾ ಕಂಪನಿ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೇ ಹಣ ಕೊಡುತ್ತದೆ. ನೀವು ಪ್ರೀಮಿಯಂ ಕಟ್ಟಬೇಕಿಲ್ಲ.

ಮೊದಲು ನಿಮ್ಮ ರೇಷನ್ ಕಾರ್ಡ್ ನೋಡಿಕೊಳ್ಳಿ. ಬಿಪಿಎಲ್ ಆದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಶೇ 30 ಅಂದರೆ ಆಸ್ಪತ್ರೆ ಬಿಲ್ಲಿನದ್ದಲ್ಲ, ಸರ್ಕಾರ ಗೊತ್ತುಮಾಡಿದ ದರದ್ದು. ಆ ದರ 1 ಲಕ್ಷ ಇದ್ದು ಬಿಲ್ 2 ಲಕ್ಷ ಬಂದರೂ ಸಿಗುವುದು 30 ಸಾವಿರವೇ.

ಆಮೇಲೆ ಕಾರ್ಡ್. ಆಧಾರ್, ರೇಷನ್ ಕಾರ್ಡ್ ತೆಗೆದುಕೊಂಡು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ಹೆಸರಿನ ಕೊನೆಗಿರುವ ‘ಅಮ್ಮ’ ರೇಷನ್ ಕಾರ್ಡಿನಲ್ಲಿ ಬಿಟ್ಟುಹೋಗಿದ್ದರೆ ಕಾಯಿಲೆ ಬರುವ ಮೊದಲೇ ಸರಿಮಾಡಿಸಿ.

ಇನ್ನು ರೆಫರಲ್. ಸಣ್ಣಪುಟ್ಟ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಚಿಕಿತ್ಸೆಗೂ ಮೊದಲು ಅಲ್ಲಿಗೇ ಹೋಗಬೇಕು. ಸೌಲಭ್ಯ ಇಲ್ಲದಿದ್ದರೆ ಅಲ್ಲಿನ ಡಾಕ್ಟರ್ ಪತ್ರ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸ ಅಲ್ಲೇ ಆಗಲಿ ಅನ್ನುವ ನಿಯಮ ನನಗೆ ಸರಿ ಅನ್ನಿಸುತ್ತದೆ. ಆದರೆ ಅದನ್ನು ಕಾರ್ಡ್ ಕೊಡುವಾಗಲೇ ಬಾಯಿಬಿಟ್ಟು ಹೇಳಬೇಕು, ಅಲ್ವಾ? ಚಿಕ್ಕಮ್ಮನಿಗೆ ಪತ್ರ ಸಿಗಲು ಎರಡು ದಿನ ಹಿಡಿಯಿತು. ಕೊನೆಗೆ ಬಂದಿದ್ದು ಸೀಲ್ ಒತ್ತಿದ ಒಂದೇ ಒಂದು ಹಾಳೆ.

ಹೃದಯಾಘಾತ, ದೊಡ್ಡ ಅಪಘಾತದಂಥ ತುರ್ತಿನಲ್ಲಿ ಈ ಪತ್ರಕ್ಕೆ ಕಾಯಲೇಬೇಡಿ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು.

ಆಸ್ಪತ್ರೆಗೆ ಹೋದ ಕೂಡಲೇ ಯೋಜನೆಯ ಸಹಾಯಕರಾದ ‘ಆರೋಗ್ಯ ಮಿತ್ರ’ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಚಿಕಿತ್ಸೆಗೆ ಟ್ರಸ್ಟ್‌ನ ಒಪ್ಪಿಗೆ ಪಡೆಯುವ ಕೆಲಸಕ್ಕೆ ಅವರೇ ನೆರವಾಗುತ್ತಾರೆ. ಸುಮ್ನೆ ಹೊರರೋಗಿಯಾಗಿ ತೋರಿಸಿಕೊಂಡು ಬಂದರೆ ಆ ಖರ್ಚು ಇದರಲ್ಲಿ ಬರುವುದಿಲ್ಲ, ನೆನಪಿರಲಿ. ಬಿಪಿಎಲ್ ರೋಗಿಯ ಹತ್ತಿರ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ದುಡ್ಡು ಕೇಳಿದರೆ ರಸೀದಿ ಕೇಳಿ ಇಟ್ಟುಕೊಳ್ಳಿ. ಅಲ್ಲಿಂದಲೇ ಸಹಾಯವಾಣಿ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ.