ಇಂಗ್ಲಿಷ್ ಪದಗಳನ್ನ ಲಿಸ್ಟ್ ಮಾಡಿ ಉರು ಹೊಡೀಬೇಡಿ, ವಾಕ್ಯದಲ್ಲಿ ಹಾಕಿ ತಿರುಗಿಸಿ

ತುಂಬಾ ಸ್ಟೂಡೆಂಟ್ಸ್ ನೋಟ್‌ಬುಕ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಪುಟದ ಮಧ್ಯೆ ಒಂದು ಗೆರೆ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಗ್ರಾಮರ್‌ಗೆ ಬೇರೆ ನೋಟ್‌ಬುಕ್, ಅದರಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಅಂತ ವಾಕ್ಯದ ವಿಧಗಳ ಡೆಫಿನಿಷನ್‌ಗಳು. ಎರಡೂ ಬಾಯಿಪಾಠ ಆಗಿರುತ್ತೆ, ಆದ್ರೆ ಸ್ವಂತವಾಗಿ ನಾಲ್ಕು ಸಾಲು ಬರಿ ಅಂದ್ರೆ ಪೆನ್ನು ಓಡಲ್ಲ. ಪದ ಒಂದು ಕಡೆ ವಾಕ್ಯ ಇನ್ನೊಂದು ಕಡೆ ಕಲಿತ್ರೆ ಆಗೋದೇ ಹೀಗೆ, ಅದಕ್ಕೆ ಎರಡನ್ನೂ ಒಂದೇ ನೋಟ್‌ಬುಕ್‌ಗೆ ತನ್ನಿ.

ಮೊದಲು ಯಾವ ಪದ ಕಲೀಬೇಕು ಅನ್ನೋದು. ರೀಲ್ಸ್‌ನಲ್ಲಿ 'ವೆರಿ ಹ್ಯಾಪಿ' ಅನ್ಬೇಡಿ 'ಎಕ್ಸ್‌ಟ್ಯಾಟಿಕ್' ಅನ್ನಿ ಅಂತ ಹೇಳ್ಕೊಡ್ತಾರಲ್ಲ, ಅದನ್ನ ಸದ್ಯಕ್ಕೆ ಬಿಡಿ, ಆ ಪದ ನಿಮಗೆ ವರ್ಷಕ್ಕೊಂದು ಸಲ ಬೇಕಾದ್ರೆ ಹೆಚ್ಚು. ದಿನಾ ಓದೋದ್ರಲ್ಲಿ ಕೇಳೋದ್ರಲ್ಲಿ ಪದೇ ಪದೇ ಬರೋ ಪದಗಳನ್ನ ಮೊದಲು ಹಿಡ್ಕೊಳ್ಳಿ. ಈ ಲೆಕ್ಕಾಚಾರ ಹಳೇದು, 1953ರಲ್ಲೇ ಮೈಕಲ್ ವೆಸ್ಟ್ ಅನ್ನೋ ಇಂಗ್ಲಿಷ್ ಬೋಧನಾ ತಜ್ಞರು ಸುಮಾರು 2000 ಮುಖ್ಯ ಪದಗಳ ಲಿಸ್ಟ್ ಮಾಡಿದ್ರು. ಈಗ ಆಕ್ಸ್‌ಫರ್ಡ್ 3000 ಅಂತ ಒಂದು ಲಿಸ್ಟ್ ನೆಟ್‌ನಲ್ಲಿ ಫ್ರೀ ಸಿಗುತ್ತೆ, ಅದರಲ್ಲಿ ಪ್ರತಿ ಪದಕ್ಕೂ ಎ1ರಿಂದ (ತೀರಾ ಆರಂಭದ ಹಂತ) ಬಿ2 (ಮಧ್ಯಮಕ್ಕಿಂತ ಮೇಲಿನ ಹಂತ) ತನಕ ಲೆವೆಲ್ ಹಾಕಿರ್ತಾರೆ, ನೀವು ಯಾವ ಲೆವೆಲ್‌ನಲ್ಲಿ ತಡವರಿಸ್ತೀರೋ ಅಲ್ಲಿಂದ ಶುರು ಮಾಡಿ. ಕಾಲೇಜಿನಲ್ಲಿ ಇಂಗ್ಲಿಷ್ ಟೆಕ್ಸ್ಟ್ ಓದೋರಾದ್ರೆ ಇದಾದ್ಮೇಲೆ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಿ, 2000ದಲ್ಲಿ ಬಂದಿದ್ದು, 570 ಪದ ಕುಟುಂಬಗಳಿವೆ (ಒಂದು ಮೂಲ ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಯಾವ ಸಬ್ಜೆಕ್ಟ್ ಓದಿದ್ರೂ ಎದುರಾಗೋ ಪದಗಳು ಅವು.

ಎರಡನೇದು, ಪದವನ್ನ ಒಂಟಿಯಾಗಿ ಬರ್ಕೋಬೇಡಿ, ಅದರ ಜೊತೆಗಾರನನ್ನೂ ಸೇರಿಸಿ ಬರ್ಕೊಳ್ಳಿ. ಕನ್ನಡದಲ್ಲಿ ತಪ್ಪು ಮಾಡ್ತೀವಿ, ಹೋಮ್‌ವರ್ಕ್ ಮಾಡ್ತೀವಿ, ಸ್ನಾನ ಮಾಡ್ತೀವಿ, ಎಲ್ಲದಕ್ಕೂ 'ಮಾಡು' ಒಂದೇ ಸಾಕು, ಇಂಗ್ಲಿಷ್‌ನಲ್ಲಿ ಮಿಸ್ಟೇಕ್‌ಗೆ 'ಮೇಕ್', ಹೋಮ್‌ವರ್ಕ್‌ಗೆ 'ಡೂ', ಸ್ನಾನಕ್ಕೆ 'ಟೇಕ್' ಅಥವಾ 'ಹ್ಯಾವ್'. ಹಂಗೇ 'ಡಿಪೆಂಡ್' ಅಂದ್ರೆ ಅದಾದ್ಮೇಲೆ 'ಆನ್' ಬರುತ್ತೆ, 'ಡಿಸ್ಕಸ್' ಆದ್ಮೇಲೆ 'ಅಬೌಟ್' ಬರಲ್ಲ (ಇದನ್ನ ಟೀಚರ್‌ಗಳೂ ಹಾಕ್ತಾರೆ, ಇರ್ಲಿ). ಇದಕ್ಕೆಲ್ಲ ಯಾಕೆ ಅಂತ ಕಾರಣ ಹುಡುಕ್ತಾ ಕೂತ್ರೆ ಟೈಮ್ ವೇಸ್ಟ್, ಜೋಡಿ ಸಮೇತ ನೆನಪಿಟ್ಕೊಂಡ್ರೆ ಮುಗೀತು.

ಈಗ ಮುಖ್ಯ ಕೆಲಸ. ಒಂದು ಪದ ತಗೊಂಡು ಅದನ್ನ ಎಲ್ಲಾ ಥರದ ವಾಕ್ಯದಲ್ಲೂ ತಿರುಗಿಸೋದು. ಉದಾಹರಣೆಗೆ 'ಅವಾಯ್ಡ್', ಅಂದ್ರೆ ತಪ್ಪಿಸಿಕೊಳ್ಳೋದು. ಡಿಕ್ಷನರಿಯಲ್ಲಿ ಅರ್ಥದ ಕೆಳಗಿರೋ ವಾಕ್ಯಗಳನ್ನ ನೋಡಿದ್ರೆ ಗೊತ್ತಾಗುತ್ತೆ, ಇದಾದ್ಮೇಲೆ ಇನ್ನೊಂದು ಕ್ರಿಯಾಪದ ಬಂದ್ರೆ ಅದಕ್ಕೆ 'ಇಂಗ್' ಸೇರುತ್ತೆ, 'ಅವಾಯ್ಡ್ ಟು ಸ್ಪೀಕ್' ಅಲ್ಲ, 'ಅವಾಯ್ಡ್ ಸ್ಪೀಕಿಂಗ್'. ಮೊದಲು ಸಾದಾ ವಾಕ್ಯ: 'ಶಿ ಅವಾಯ್ಡ್ಸ್ ಸ್ಪೀಕಿಂಗ್ ಇನ್ ಕ್ಲಾಸ್'.

ಇದನ್ನ ಪ್ರಶ್ನೆ ಮಾಡಿ. ಕನ್ನಡದಲ್ಲಿ ಕೊನೆಗೊಂದು 'ಆ' ಎಳೆದ್ರೆ ಪ್ರಶ್ನೆ ಆಗೋಯ್ತು, 'ತಪ್ಪಿಸಿಕೊಳ್ತಾಳಾ?' ಅಷ್ಟೇ. ಇಂಗ್ಲಿಷ್‌ನಲ್ಲಿ 'ಡಸ್' ಅಂತ ಒಂದು ಸಹಾಯಕ ಮುಂದೆ ಬರ್ಬೇಕು, ಅದು ಬಂದ ತಕ್ಷಣ ಕ್ರಿಯಾಪದದ 'ಎಸ್' ಬಿಟ್ಟುಹೋಗುತ್ತೆ: 'ಡಸ್ ಶಿ ಅವಾಯ್ಡ್ ಸ್ಪೀಕಿಂಗ್ ಇನ್ ಕ್ಲಾಸ್?' ನೆಗೆಟಿವ್‌ಗೂ ಇದೇ ಆಟ, 'ಶಿ ಡಸಂಟ್ ಅವಾಯ್ಡ್'. ಹಿಂದೆ ನಡೆದಿದ್ದಾದ್ರೆ 'ಡಿಡ್ ಶಿ ಅವಾಯ್ಡ್', 'ಡಿಡ್' ಇದ್ದಲ್ಲಿ 'ಅವಾಯ್ಡೆಡ್' ಬರಲ್ಲ, ಭೂತಕಾಲದ ಕೆಲಸ 'ಡಿಡ್' ಒಂದೇ ಮಾಡಿ ಮುಗಿಸುತ್ತೆ. 'ಡಿಡ್ ಯು ವೆಂಟ್' ಅನ್ನೋ ತಪ್ಪು ಯಾಕೆ ತಪ್ಪು ಅಂತ ಇಲ್ಲೇ ಅರ್ಥ ಆಗುತ್ತೆ. ಆಜ್ಞೆ ಮಾಡೋದು ಸುಲಭ, ಕರ್ತೃ ಕಿತ್ತಾಕಿ: 'ಡೋಂಟ್ ಅವಾಯ್ಡ್ ಸ್ಪೀಕಿಂಗ್'. ಆಶ್ಚರ್ಯಸೂಚಕ ವಾಕ್ಯ ಪರೀಕ್ಷೆಗೆ ಬೇಕಾಗಬಹುದು, 'ಹೌ', 'ವಾಟ್ ಎ' ಎರಡು ನೋಡ್ಕೊಂಡ್ರೆ ಸಾಕು.

ಆಮೇಲೆ ಎರಡು ವಾಕ್ಯ ಜೋಡಿಸಿ. ಎರಡೂ ಸ್ವಂತ ಕಾಲ ಮೇಲೆ ನಿಲ್ಲೋ ವಾಕ್ಯ ಆದ್ರೆ ಕಾಂಪೌಂಡ್: 'ಶಿ ನೋಸ್ ದಿ ಆನ್ಸರ್, ಬಟ್ ಶಿ ಅವಾಯ್ಡ್ಸ್ ಸ್ಪೀಕಿಂಗ್'. ಒಂದು ಇನ್ನೊಂದಕ್ಕೆ ಆತುಕೊಂಡಿದ್ರೆ ಕಾಂಪ್ಲೆಕ್ಸ್: 'ಆಲ್ದೋ ಶಿ ನೋಸ್ ದಿ ಆನ್ಸರ್, ಶಿ ಅವಾಯ್ಡ್ಸ್ ಸ್ಪೀಕಿಂಗ್'. ಇಲ್ಲಿ 'ಆಲ್ದೋ' ಹಾಕಿದ್ಮೇಲೆ 'ಬಟ್' ಹಾಕ್ಬೇಡಿ, ಕನ್ನಡದಲ್ಲೂ 'ಉತ್ತರ ಗೊತ್ತಿದ್ರೂ' ಅಂದ್ಮೇಲೆ 'ಆದ್ರೆ' ಅನ್ನಲ್ಲ ಅಲ್ವಾ, ಅಷ್ಟೇ.

ಎಲ್ಲಕ್ಕಿಂತ ಕಷ್ಟ ಆಗೋದು 'ಹೂ', 'ವಿಚ್' ಬರೋ ವಾಕ್ಯ. ನಾವು 'ಮಾತಾಡೋದನ್ನ ತಪ್ಪಿಸಿಕೊಳ್ಳೋ ಹುಡುಗಿ' ಅಂತ ವಿವರಣೆ ಮೊದಲು ಹೇಳಿ ಹುಡುಗಿನ ಕೊನೆಗೆ ತರ್ತೀವಿ, ಅವರು ಹುಡುಗಿನ ಮೊದಲು ನಿಲ್ಲಿಸಿ ವಿವರಣೆ ಆಮೇಲೆ ಕೊಡ್ತಾರೆ: 'ದಿ ಗರ್ಲ್ ಹೂ ಅವಾಯ್ಡ್ಸ್ ಸ್ಪೀಕಿಂಗ್ ನೋಸ್ ದಿ ಆನ್ಸರ್'. ಈ ತಿರುವು ಕೈಗೆ ಹತ್ತೋ ತನಕ ದಿನಾ ಒಂದಾದ್ರೂ ಬರೀರಿ. ಇನ್ನೊಂದು, ವಾಕ್ಯದ ಒಳಗೆ ಪ್ರಶ್ನೆ ಸೇರಿಕೊಂಡ್ರೆ ಅದು ಪ್ರಶ್ನೆಯ ವೇಷ ಕಳಚುತ್ತೆ, 'ಐ ಡೋಂಟ್ ನೋ ವೈ ಶಿ ಅವಾಯ್ಡ್ಸ್ ಸ್ಪೀಕಿಂಗ್' ಸರಿ, ಮಧ್ಯೆ 'ಡಸ್' ತುರುಕಿದ್ರೆ ತಪ್ಪು.

ಹೀಗೆ ದಿನಕ್ಕೆ ನಾಲ್ಕೈದು ಪದ ತಿರುಗಿಸಿ ಸಾಕು, ಐವತ್ತು ಪದ ಬರೆದು ಮರೆಯೋದಕ್ಕಿಂತ ಎಷ್ಟೋ ವಾಸಿ. ಮರೆವು ಅಂದ್ರೆ, ಕಲಿತಿದ್ದು ಶುರುನಲ್ಲೇ ಬೇಗ ಬೇಗ ಹೋಗುತ್ತೆ, ಆಮೇಲೆ ನಿಧಾನವಾಗುತ್ತೆ ಅಂತ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನೋವಿಜ್ಞಾನಿ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ರು. ಅದಕ್ಕೆ ಅವತ್ತು ರಾತ್ರಿ ಒಂದ್ಸಲ, ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ನೋಡಿ. ನೋಡೋದು ಅಂದ್ರೆ ಕಣ್ಣಾಡಿಸೋದಲ್ಲ, ಪುಟ ಮುಚ್ಚಿ ವಾಕ್ಯನ ಜ್ಞಾಪಿಸಿಕೊಂಡು ಹೇಳಿ ಆಮೇಲೆ ತೆಗೆದು ಸರಿ ಇದೆಯಾ ನೋಡೋದು. ನೆನಪಿಗೆ ಅಂತ ಫ್ಲ್ಯಾಶ್‌ಕಾರ್ಡ್ ಮಾಡೋರು ಒಂದು ಕಡೆ ಕನ್ನಡದಲ್ಲಿ ಇಡೀ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ ಬರೀರಿ, ಬರೀ ಪದ ಬೇಡ. ಆಂಕಿ ಥರದ ಫ್ಲ್ಯಾಶ್‌ಕಾರ್ಡ್ ಆ್ಯಪ್ ಇದ್ರೆ ಯಾವತ್ತು ಯಾವ ಕಾರ್ಡ್ ಅಂತ ಅದೇ ಲೆಕ್ಕ ಇಟ್ಕೊಳ್ಳುತ್ತೆ.

ಬರೆದಿದ್ದು ಸರಿನಾ ಅಂತ ಡೌಟ್ ಬಂದ್ರೆ ಕಲಿಯೋರಿಗೆ ಅಂತಲೇ ಮಾಡಿರೋ ಇಂಗ್ಲಿಷ್ ಡಿಕ್ಷನರಿ ತೆಗೀರಿ, ಅದರ ಉದಾಹರಣೆ ಪಕ್ಕದಲ್ಲಿ ನಿಮ್ಮ ವಾಕ್ಯ ಇಟ್ಟು ಹೋಲಿಸಿ. ಎಷ್ಟು ತಿರುಗಿಸಿದ್ರೂ ತಲೇಲಿ ಕೂರದ ಪದ ಒಂದೆರಡು ಇದ್ದೇ ಇರುತ್ತೆ, ಅದರ ಜೊತೆ ಗುದ್ದಾಡ್ಬೇಡಿ, ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಿ, ನಿಜವಾಗ್ಲೂ ಬೇಕಿರೋ ಪದ ಆಗಿದ್ರೆ ಓದುವಾಗ ಅದೇ ಮತ್ತೆ ಎದುರಿಗೆ ಬರುತ್ತೆ.