ಬಸ್ತರ್‌ಗೆ ಹೊರಟಿದ್ದೀರಾ? ಮೊದಲು ಕ್ಯಾಲೆಂಡರ್ ನೋಡಿ

ಛತ್ತೀಸ್‌ಗಢದ ಬಸ್ತರ್‌ಗೆ ನಾನು ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಟೂರ್‌ನವರು ಕೊಟ್ಟ ಹಾಳೆಯಲ್ಲಿ ಜಲಪಾತ, ಗುಹೆ, ದೇವಸ್ಥಾನ ಮೂರೂ ಇದ್ದವು. ಜಲಪಾತ ಸಿಕ್ಕಿತು, ದೇವಿಯ ದರ್ಶನವೂ ಆಯಿತು, ಗುಹೆಗೆ ಮಾತ್ರ ಬೀಗ. ಮಳೆಗಾಲದಲ್ಲಿ ಒಳಗೆ ನೀರು ನುಗ್ಗುವುದರಿಂದ ಮುಚ್ಚುತ್ತಾರೆ ಅನ್ನೋದು ಗೇಟಿನ ಪಕ್ಕ ಚಹಾ ಮಾರುವವನಿಗೂ ಗೊತ್ತಿತ್ತು, ಬೆಂಗಳೂರಲ್ಲಿ ಕೂತು ದುಡ್ಡು ಕಟ್ಟಿಸಿಕೊಂಡವರಿಗೆ ಗೊತ್ತಿರಲಿಲ್ಲ. ಎರಡನೇ ಸಲ ಏಪ್ರಿಲ್‌ನಲ್ಲಿ ಹೋದೆ. ಗುಹೆ ತೆರೆದಿತ್ತು, ಆದರೆ ಚಿತ್ರಕೋಟ್ ಜಲಪಾತದಲ್ಲಿ ಬರೀ ಬಂಡೆ, ಅದರ ಮೇಲೆ ನಾಲ್ಕಾರು ಎಳೆ ನೀರು.

1. ತಿಂಗಳು ಮೊದಲು, ಟಿಕೆಟ್ ಆಮೇಲೆ

ನವೆಂಬರ್. ಅಷ್ಟೇ. ಮಳೆ ನಿಂತು ಗುಹೆ ತೆರೆಯುವ ಹೊತ್ತಿಗೆ ಚಿತ್ರಕೋಟ್‌ನಲ್ಲಿ ಧುಮುಕುವ ಇಂದ್ರಾವತಿ ನದಿಯಲ್ಲಿ ಇನ್ನೂ ನೀರಿರುತ್ತದೆ. ತೆರೆಯುವ ದಿನ ಪ್ರತಿ ವರ್ಷವೂ ಒಂದೇ ಇರುವುದಿಲ್ಲ, ಹಾಗಾಗಿ ಹೊರಡುವ ವಾರ ಬಸ್ತರ್‌ನ ಮುಖ್ಯ ಊರಾದ ಜಗದಲ್‌ಪುರದ ಹೋಟೆಲ್‌ಗೆ ಫೋನ್ ಮಾಡಿ ‘ಕುಟುಮ್ಸರ್ ಖುಲಾ ಹೈ ಕ್ಯಾ’ (ಕುಟುಮ್ಸರ್ ಗುಹೆ ತೆರೆದಿದೆಯಾ) ಅಂತ ಕೇಳಿ. ದಸರಾಕ್ಕೆ ಹೋಗುವ ಆಸೆ ಇದ್ದರೆ ಧಾರಾಳವಾಗಿ ಹೋಗಿ. ಅಲ್ಲಿ ಅದು 75 ದಿನದ ಹಬ್ಬ, ರಾವಣನನ್ನು ಸುಡುವುದಿಲ್ಲ, ಅಲ್ಲಿನ ದೇವಿ ದಂತೇಶ್ವರಿಯ ರಥ ಎಳೆಯುತ್ತಾರೆ. ಗುಹೆಯ ಆಸೆ ಮಾತ್ರ ಬಿಟ್ಟುಬಿಡಿ.

2. ಸೇರುವುದು

ರಾಯ್‌ಪುರಕ್ಕೆ ಹಾರಿ ಸುಮಾರು 300 ಕಿ.ಮೀ. ರಸ್ತೆಯಲ್ಲಿ ಬರಬಹುದು. ನಾನಂತೂ ವಿಶಾಖಪಟ್ಟಣದಿಂದ ಜಗದಲ್‌ಪುರದ ಮೇಲೆ ಹೋಗುವ ಹಗಲಿನ ಕಿರಂದುಲ್ ರೈಲೇ ಹತ್ತುತ್ತೇನೆ. ಬೈಲಾಡಿಲಾದ ಕಬ್ಬಿಣದ ಅದಿರು ಸಾಗಿಸಲು ಹಾಕಿದ ಹಳಿ ಅದು, ಅರಕು ಘಟ್ಟದಲ್ಲಿ ಸುರಂಗದ ಮೇಲೆ ಸುರಂಗ. ಊಟ ಕಟ್ಟಿಕೊಳ್ಳಿ.

3. ಗುಹೆ: ಎಲ್ಲರೂ ಎಡವುವುದು ಇಲ್ಲೇ

ಕುಟುಮ್ಸರ್ ಇರುವುದು ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನದೊಳಗೆ. ಬೆಳಿಗ್ಗೆ ಮೊದಲ ಕೆಲಸ ಇದನ್ನೇ ಇಟ್ಟುಕೊಳ್ಳಿ. ನಿಮ್ಮ ಕಾರು ಗೇಟಿನ ಹತ್ತಿರವೇ ನಿಲ್ಲುತ್ತದೆ, ಅಲ್ಲಿಂದ ಜಿಪ್ಸಿ ಜೀಪು ಮತ್ತು ಸ್ಥಳೀಯ ಗೈಡ್. ಹತ್ತು ಗಂಟೆ ದಾಟಿದರೆ ಜಿಪ್ಸಿಗೆ ಕಾಯುವುದೇ ಒಂದು ಪ್ರವಾಸ.

ಬಾಯಿ ಬಂಡೆ ಸೀಳಿದ ಹಾಗೆ ಕಿರಿದಾಗಿದೆ. ಕಡಿದಾದ ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರು. ಜನ ತಪ್ಪು ಮಾಡುವುದು ಇಲ್ಲಿ: ಮುಂದೆ ಮುಖ ಮಾಡಿ, ಒಂದು ಕೈಯಲ್ಲಿ ಫೋನ್ ಹಿಡಿದು, ಹೆಗಲಿಗೆ ಬ್ಯಾಗ್ ಜೋತುಹಾಕಿಕೊಂಡು ಇಳಿಯುತ್ತಾರೆ. ಬ್ಯಾಗ್ ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನವರು ‘ಚಲೋ ಚಲೋ’ ಅಂತಾರೆ, ಕಾಲು ಜಾರುತ್ತದೆ. ಬ್ಯಾಗ್ ಜಿಪ್ಸಿಯಲ್ಲೇ ಬಿಡಿ. ತೀರಾ ಕಡಿದಾದಲ್ಲಿ ಏಣಿ ಇಳಿದ ಹಾಗೆ ಹಿಂದುಮುಖವಾಗಿ ಇಳಿಯಿರಿ, ಎರಡೂ ಕೈ ಖಾಲಿ ಇರಲಿ. ನಾಚಿಕೆ ಏನಿಲ್ಲ, ಕುಂಡೆ ಊರಿ ಜಾರಿದರೂ ನಡೆಯುತ್ತದೆ.

ಒಳಗೆ ತಂಪಾಗಿರುತ್ತೆ ಅಂತ ಜಾಕೆಟ್ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಒಳಗೆ ಸೆಕೆ, ಹಬೆ ತುಂಬಿದ ಬಚ್ಚಲುಮನೆ ಥರ. ತೆಳು ಹತ್ತಿ ಬಟ್ಟೆ ಸಾಕು. ಚಪ್ಪಲಿ ಬೇಡ, ಹೊಸ ಶೂ ಕೂಡ ಬೇಡ, ಅಡಿ ಹಿಡಿತವಿರುವ ಹಳೇ ಶೂ ಹಾಕಿ. ಆನ್‌ಲೈನ್‌ನಲ್ಲಿ ಇನ್ನೂರು ರೂಪಾಯಿಗೆ ಬರುವ ತಲೆದೀಪ ತಗೋಬೇಡಿ. ನನ್ನದು ಅರ್ಧ ದಾರಿಯಲ್ಲಿ ಮಿಣುಕಿ ಆರಿತು. ಗೈಡ್ ದೀಪವೇ ವಾಸಿ, ಅವನ ಹಿಂದೆಯೇ ಇರಿ. ಉಬ್ಬಸ, ಮಂಡಿನೋವು ಇದ್ದವರು ಮೇಲೆಯೇ ಕೂತುಕೊಳ್ಳಲಿ.

ಗೋಡೆ, ಮೇಲಿಂದ ಇಳಿದ ಸುಣ್ಣಕಲ್ಲಿನ ಕೋಲು ಯಾವುದನ್ನೂ ಮುಟ್ಟಬೇಡಿ. ಕೈಯ ಜಿಡ್ಡು ತಾಗಿದ ಕಡೆ ಅದು ಬೆಳೆಯುವುದು ನಿಲ್ಲುತ್ತದೆ. ಗೈಡ್ ನೀರಿನ ಗುಂಡಿಯ ಹತ್ತಿರ ನಿಲ್ಲಿಸಿದರೆ ಬಗ್ಗಿ ನೋಡಿ. ಬೆರಳುದ್ದದ, ಬಣ್ಣ ಮಾಸಿದ, ಕಣ್ಣು ಸೊರಗಿದ ಮೀನು. ನಾನು ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತ ಮೇಲೆ ಒಂದು ಬಂತು, ಬೆಳಕಿಗೆ ಬೆದರಲಿಲ್ಲ, ನೀರು ಅಲುಗಿದ ಕೂಡಲೇ ಮಾಯ.

4. ಜಲಪಾತಗಳು

ತೀರಥ್‌ಗಢ ಅದೇ ಉದ್ಯಾನದಲ್ಲಿದೆ, ಗುಹೆ ಮುಗಿಸಿ ಹೋಗಿ. ಮೆಟ್ಟಿಲು ಜಾಸ್ತಿ, ಕೋತಿ ಇನ್ನೂ ಜಾಸ್ತಿ. ಚಿತ್ರಕೋಟ್ ಬೇರೆ ದಿನಕ್ಕಿರಲಿ, ಜಗದಲ್‌ಪುರದಿಂದ ಸುಮಾರು 40 ಕಿ.ಮೀ. ಜೋಗ ನೋಡಿದವರು ‘ಇಷ್ಟೇನಾ’ ಅಂತಾರೆ. ಜೋಗದ 253 ಮೀಟರ್ ಎಲ್ಲಿ, ಇದರ 30 ಮೀಟರ್ ಎಲ್ಲಿ, ಒಪ್ಪಿದೆ. ಆದರೆ ತುಂಬಿದಾಗ ಇದರ ಅಗಲ ಸುಮಾರು 300 ಮೀಟರ್, ಕುದುರೆ ಲಾಳದ ಹಾಗೆ ಬಾಗಿ ಬೀಳುತ್ತದೆ. ಮಧ್ಯಾಹ್ನ ಹೋಗಿ ಫೋಟೊ ತೆಗೆದು ಓಡಿ ಬರಬೇಡಿ. ಪಕ್ಕದಲ್ಲೇ ಸರ್ಕಾರಿ ರೆಸಾರ್ಟ್ ಇದೆ, ರಾತ್ರಿ ಉಳಿಯಿರಿ.

5. ದಂತೇವಾಡ, ಬಾರ್ಸೂರ್

ದಂತೇಶ್ವರಿ ಗುಡಿಯಲ್ಲಿ ಗಂಡಸರಿಗೆ ಪ್ಯಾಂಟ್ ನಡೆಯುವುದಿಲ್ಲ, ಪಂಚೆ ಕಡ್ಡಾಯ. ಬಾಗಿಲಲ್ಲಿ ಲುಂಗಿ ಸಿಗುತ್ತದೆ, ಆದರೆ ಎಷ್ಟು ಜನ ಉಟ್ಟು ಬಿಟ್ಟಿದ್ದೋ! ಮನೆಯಿಂದಲೇ ಒಂದು ಪಂಚೆ ತಗೊಂಡು ಹೋಗಿ. ಮುಂದಿನ ಗರುಡಗಂಬಕ್ಕೆ ಬೆನ್ನು ಕೊಟ್ಟು ಹಿಂದೆ ಕೈ ಜೋಡಿಸಲು ಎಲ್ಲರೂ ಒದ್ದಾಡುತ್ತಿರುತ್ತಾರೆ, ಪಂಚೆ ಬಿಗಿಯಾಗಿ ಕಟ್ಟಿದ್ದರೆ ಮಾತ್ರ ನೀವೂ ಪ್ರಯತ್ನಿಸಿ.

ಬರುತ್ತಾ ಗೀದಮ್‌ನಲ್ಲಿ ತಿರುಗಿದರೆ ಬಾರ್ಸೂರ್. 32 ಕಂಬದ ಬತ್ತೀಸಾ ಗುಡಿ, ಆಳೆತ್ತರದ ಜೋಡಿ ಗಣಪ. ಇಲ್ಲಿ ಆಳಿದ ಛಿಂದಕ ನಾಗರು ನಮ್ಮ ಕಡೆಯ ಸಿಂದ ಅರಸರ ಬಳಗದವರು ಅಂತ ಇತಿಹಾಸಕಾರರು ಹೇಳುತ್ತಾರೆ, ಆದರೂ ನಮ್ಮವರು ಯಾರೂ ಇಲ್ಲಿಗೆ ಬರುವುದಿಲ್ಲ. ಮುಖ್ಯ ರಸ್ತೆ ಬಿಟ್ಟು ಒಳಗಿನ ಹಳ್ಳಿಗಳಿಗೆ ಸ್ಥಳೀಯರಿಲ್ಲದೆ ಹೋಗಬೇಡಿ, ಭದ್ರತಾ ಪಡೆಗಳ ಕ್ಯಾಂಪ್ ಫೋಟೊ ತೆಗೆಯಲೇಬೇಡಿ.

6. ಸಂತೆ

ದಾರಿಯಲ್ಲಿ ಸಂತೆ ಕಂಡರೆ ಗಾಡಿ ನಿಲ್ಲಿಸಿ. ಕ್ಯಾಮೆರಾ ಮೊದಲು ಬ್ಯಾಗ್‌ನಲ್ಲೇ ಇರಲಿ, ಏನಾದರೂ ಕೊಂಡು, ಮಾತಾಡಿಸಿ, ಕೇಳಿ, ಆಮೇಲೆ ಫೋಟೊ. ಇಲ್ಲಿನ ಗೊಂಡಿ ಭಾಷೆಯಲ್ಲಿ ಎಣಿಸುವುದು ಕೇಳಿಸಿಕೊಳ್ಳಿ: ಉಂಡಿ, ರಂಡ್, ಮುಂಡ್. ಒಂದು, ಎರಡು, ಮೂರು ಅಲ್ವಾ! ಹಿಪ್ಪೆ ಹೂವಿನ ಸಾರಾಯಿ ನಿಮ್ಮಿಷ್ಟ. ಕೆಂಪಿರುವೆಯ ಚಟ್ನಿ, ಅವರ ಚಾಪ್ಡಾ, ಎಲೆಯ ದೊನ್ನೆಯಲ್ಲಿ ಸಿಗುತ್ತದೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅದು ನಮ್ಮ ಚಿಗಳಿ ಚಟ್ನಿಯೇ, ಹುಳಿ ಒಂದು ಪಟ್ಟು ಮುಂದೆ.