ಅರವತ್ತರ ಆಸುಪಾಸಿನಲ್ಲಿ ಕಾರ್ ರೇಸಿಗೆ ಇಳಿಯುವವರಿಗೆ

ನಾನು ರೇಸಿಂಗ್ ಶುರು ಮಾಡಿದ್ದು 58ಕ್ಕೆ. ತಡವಾಯಿತು ಅನ್ನಬೇಡಿ. ನಟ ಪಾಲ್ ನ್ಯೂಮನ್ 1995ರಲ್ಲಿ, 70ನೇ ವಯಸ್ಸಿನಲ್ಲಿ, ಅಮೆರಿಕದ ಡೇಟೋನಾ 24 ಗಂಟೆಗಳ ರೇಸಿನಲ್ಲಿ ತಮ್ಮ ವಿಭಾಗ ಗೆದ್ದ ತಂಡದಲ್ಲಿದ್ದರು.

ಮೊದಲು ಹೃದಯ, ಕಣ್ಣು ತಪಾಸಣೆ. ರೇಸಿಂಗ್ ಲೈಸೆನ್ಸ್ ಅರ್ಜಿ ಆಮೇಲೆ.

ಜಾಸ್ತಿ ಗಮನ ಕತ್ತಿಗೆ ಕೊಡಿ. 2 ಜಿ (ಗುರುತ್ವದ ಎರಡು ಪಟ್ಟು) ಬಲದ ತಿರುವಿನಲ್ಲಿ ತಲೆ, ಹೆಲ್ಮೆಟ್ ಎರಡೂ ತಮ್ಮ ತೂಕದ ಎರಡು ಪಟ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತವೆ. ಮೊದಲ ವರ್ಷ ಟ್ರ್ಯಾಕಿನ ಹತ್ತನೇ ಸುತ್ತಿಗೇ ನನ್ನ ಕತ್ತು ಸೋಲುತ್ತಿತ್ತು. ಅಂಗೈಯನ್ನು ತಲೆಯ ಪಕ್ಕಕ್ಕೆ ಒತ್ತಿ, ತಲೆ ಅಲುಗದಂತೆ 10 ಸೆಕೆಂಡು ತಡೆಯಿರಿ. ಎರಡೂ ಕಡೆ, ದಿನಾ. ನೋವಾದರೆ ನಿಲ್ಲಿಸಿ.

ವಯಸ್ಸಾದಂತೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ನೀರು ಕುಡಿಯಿರಿ.

ಬೆಲ್ಟ್ ಬಿಚ್ಚಿ ಕಾರಿನಿಂದ ಹೊರಬರುವುದನ್ನು ಕಣ್ಣು ಮುಚ್ಚಿಕೊಂಡೇ ಅಭ್ಯಾಸ ಮಾಡಿ. ಮಂಡಿ ಬಿಗಿಯಿದ್ದರೆ ಇದಕ್ಕೇ ಒಂದು ವಾರ ಇಡಿ.